ಇಂಕ್‌ಸ್ಕೇಪ್‌ನಲ್ಲಿ ಪೇಸ್ಟ್ ಒತ್ತುವ ಮೊದಲು ಕರ್ಸರ್ ನೋಡಿ

0.92 ಆವೃತ್ತಿಯ ಕಾಲದಿಂದ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶ ಬಳಸುತ್ತಿದ್ದೇನೆ. ಪೋಸ್ಟರ್, ನಕ್ಷೆ, ಪುಸ್ತಕಗಳಿಗೆ ಬೇಕಾದ ರೇಖಾಚಿತ್ರ, ಎಲ್ಲ ಇದರಲ್ಲೇ. ಗೆರೆ ಎಳೆಯುವುದು, ನೋಡ್ (ಗೆರೆಯ ಮೇಲಿನ ಹಿಡಿ ಬಿಂದು) ತಿದ್ದುವುದು, ಇದರಲ್ಲೆಲ್ಲ ನನಗೆ ದೂರಿಲ್ಲ. ದುಡ್ಡು ಕೊಡದೆ ಸಿಗುವ ತಂತ್ರಾಂಶ, ಇಷ್ಟು ಕೆಲಸ ಮಾಡಿದರೆ ಸಾಕಲ್ವಾ? ತಲೆ ತಿಂದಿದ್ದು ಒಂದೇ ವಿಷಯ: ಬೇರೆ ಕಡೆ ಕಾಪಿ ಮಾಡಿದ ಬರಹವನ್ನು ಇಲ್ಲಿಗೆ ತರುವುದು.

ಶುರುವಿನಲ್ಲಿ ಒಂದು ಪೋಸ್ಟರ್‌ಗೆ ವರ್ಡ್ ಪ್ರೊಸೆಸರ್‌ನಿಂದ ಎರಡು ಪ್ಯಾರಾ ಕಾಪಿ ಮಾಡಿದೆ. ಇಲ್ಲಿ ಬಂದು ಸುಮ್ನೆ ಕಂಟ್ರೋಲ್ ವಿ ಒತ್ತಿದೆ. ದಪ್ಪಕ್ಷರ, ಬಣ್ಣ ಎಲ್ಲ ಹಾಗೇ ಬಂತು. ಖುಷಿಯಾಯಿತು. ಮಾರನೇ ದಿನ ಒಂದು ಕಾಗುಣಿತದ ತಪ್ಪು ಕಂಡಿತು. ಅದರ ಮೇಲೆ ಎಷ್ಟು ಸಲ ಡಬಲ್ ಕ್ಲಿಕ್ ಮಾಡಿದರೂ ಕರ್ಸರ್ ಬರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ನೋಡಿದರೆ 'ಇಮೇಜ್' ಅಂತಿದೆ! ಝೂಮ್ ಮಾಡಿದಾಗ ಅಕ್ಷರದ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿದ್ದವು. ಬಂದಿದ್ದು ಬರಹವಲ್ಲ, ಬರಹದ ಫೋಟೋ.

ಕಾರಣ ಆಮೇಲೆ ಗೊತ್ತಾಯಿತು. ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ನಲ್ಲಿ ಒಂದೇ ಬರಹ ಹಲವು ರೂಪಗಳಲ್ಲಿ ಕೂತಿರಬಹುದು: ಬರೀ ಅಕ್ಷರ, ಎಚ್‌ಟಿಎಂಎಲ್ (ವೆಬ್ ಪುಟದ ರೂಪ), ಕೆಲವೊಮ್ಮೆ ಚಿತ್ರ. ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವುದು ಪೇಸ್ಟ್ ಮಾಡಿಸಿಕೊಳ್ಳುವ ತಂತ್ರಾಂಶದ ಇಷ್ಟ. ಈಗ ನಾನು ಮೊದಲು ಟಿ ಕೀಲಿ ಒತ್ತಿ ಟೆಕ್ಸ್ಟ್ ಟೂಲ್ ತೆಗೆದುಕೊಳ್ಳುತ್ತೇನೆ, ಪುಟದ ಮೇಲೆ ಕ್ಲಿಕ್ ಮಾಡುತ್ತೇನೆ, ಕರ್ಸರ್ ಮಿನುಗಿದ ಮೇಲೆ ಪೇಸ್ಟ್. ಆಗ ಬರುವುದು ಬರೀ ಅಕ್ಷರ. ದಪ್ಪಕ್ಷರ, ಬಣ್ಣ ಹೋಗುತ್ತವೆ, ಹೋಗಲಿ. ಅವನ್ನು ಇಲ್ಲೇ ಕೊಟ್ಟುಕೊಳ್ಳುವುದೇ ವಾಸಿ.

ಇನ್ನೊಂದು ಮಾತು. ಬರೀ ಕ್ಲಿಕ್ ಮಾಡಿ ಪೇಸ್ಟ್ ಮಾಡಿದರೆ ಪ್ಯಾರಾ ಪೂರ್ತಿ ಒಂದೇ ಸಾಲಾಗಿ ಪುಟ ದಾಟಿ ಓಡುತ್ತದೆ. ಟೆಕ್ಸ್ಟ್ ಟೂಲ್ ಹಿಡಿದು ಎಳೆದು ಒಂದು ಪೆಟ್ಟಿಗೆ ಮಾಡಿಕೊಂಡರೆ ಸಾಲುಗಳು ಅದರೊಳಗೆ ತಾವಾಗಿಯೇ ಮುರಿಯುತ್ತವೆ. ಮೊದಲು ಈ ಪೆಟ್ಟಿಗೆ ಅಂದರೆ ನನಗೆ ಭಯ. ಇಂಕ್‌ಸ್ಕೇಪ್ ಫೈಲ್ ಸೇವ್ ಮಾಡುವುದು ಎಸ್‌ವಿಜಿ ಅನ್ನುವ ಚಿತ್ರದ ಮಾನದಂಡದಲ್ಲಿ; ಆಗ ಈ ಪೆಟ್ಟಿಗೆ ಮಾತ್ರ ಎಸ್‌ವಿಜಿ 1.2ರ ಕರಡಿನಲ್ಲಿದ್ದ ವಿಧಾನದಲ್ಲಿ ಸೇವ್ ಆಗುತ್ತಿತ್ತು. ಆ ಕರಡು ಕೊನೆಗೂ ಮಾನದಂಡ ಆಗಲೇ ಇಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ತೆರೆದರೆ ಚಿತ್ರ ಇರುತ್ತಿತ್ತು, ಬರಹ ಮಾಯ. 2020ರಲ್ಲಿ ಬಂದ ಇಂಕ್‌ಸ್ಕೇಪ್ 1.0ರಿಂದ ಎಸ್‌ವಿಜಿ 2ರ ವಿಧಾನ ಬಂತು, ಈಗ ಧೈರ್ಯವಾಗಿ ಬಳಸುತ್ತೇನೆ.

ಪಿಡಿಎಫ್‌ನಿಂದ ಕಾಪಿ ಮಾಡುವುದು ಬೇರೆಯೇ ಗೋಳು. ಪ್ರತಿ ಸಾಲಿನ ಕೊನೆಗೂ ಒಂದು ಎಂಟರ್ ಅಂಟಿಕೊಂಡು ಬರುತ್ತದೆ, ಅದನ್ನು ಒಂದೊಂದಾಗಿ ಅಳಿಸಬೇಕು. ಟ್ಯಾಬ್ ಕೊಟ್ಟು ಜೋಡಿಸಿದ ಪಟ್ಟಿಯನ್ನಂತೂ ತರಲೇಬೇಡಿ. ಎಸ್‌ವಿಜಿಯಲ್ಲಿ ಟ್ಯಾಬ್ ಸ್ಟಾಪ್ (ಟ್ಯಾಬ್ ಒತ್ತಿದಾಗ ಬರಹ ಹೋಗಿ ನಿಲ್ಲುವ ಗುರುತು) ಅನ್ನುವುದೇ ಇಲ್ಲ, ಸಾಲು ಸಾಲು ಎಲ್ಲ ಕಲಸಿಹೋಗುತ್ತದೆ. ನಾನು ಮಧ್ಯೆ ಒಂದು ಸಾದಾ ಟೆಕ್ಸ್ಟ್ ಎಡಿಟರ್ ಇಟ್ಟುಕೊಂಡಿದ್ದೇನೆ. ಮೊದಲು ಅಲ್ಲಿ ಪೇಸ್ಟ್, ಅಲ್ಲೇ ಕಸ ಗುಡಿಸಿ, ಮತ್ತೆ ಕಾಪಿ.

ಕನ್ನಡದ ವಿಷಯ. ಯುನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆ) ಬರಹ ಇದ್ದು ಒಳ್ಳೆಯ ಫಾಂಟ್ ಕೊಟ್ಟರೆ ಒತ್ತಕ್ಷರ ಚೆನ್ನಾಗಿಯೇ ಕೂರುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾದರೆ ಕಥೆ ಬೇರೆ. ಪೇಸ್ಟ್ ಆಗುವಾಗ ಫಾಂಟ್ ಹಿಂದೆಯೇ ಉಳಿದುಬಿಡುತ್ತದೆ, ಕಾಣುವುದು ಇಂಗ್ಲಿಷ್ ಅಕ್ಷರ, ಕೊಂಬು, ಬಾಲದ ಗುಂಪು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಂಡೇ ತರಬೇಕು.

ಮುದ್ರಣಕ್ಕೆ ಕೊಡುವಾಗ ಬರಹವನ್ನು 'ಆಬ್ಜೆಕ್ಟ್ ಟು ಪಾತ್' ಮಾಡುತ್ತೇನೆ, ಆ ಕಡೆಯವರ ಹತ್ತಿರ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಆದರೆ ಪಾತ್ ಆದ ಮೇಲೆ ಅದು ಬರಹವಲ್ಲ, ಬರೀ ಆಕಾರ. ಒಮ್ಮೆ ಮೂಲ ಫೈಲಿನ ಮೇಲೆಯೇ ಸೇವ್ ಮಾಡಿ, ಒಂದು ದಿನಾಂಕ ಬದಲಿಸಲು ಇಡೀ ಪುಟ ಮತ್ತೆ ಟೈಪ್ ಮಾಡಿದ್ದೇನೆ. ಈಗ ಎರಡು ಫೈಲ್ ಇಡುತ್ತೇನೆ, ಮುದ್ರಣದ್ದರ ಹೆಸರಿನ ಕೊನೆಗೆ 'ಪಾತ್' ಅಂತ ಸೇರಿಸಿ.