ತುಮಕೂರಿನಲ್ಲಿ ಇವೋ ಟೆನ್ ಸಾಕುವುದು: ಹೆದರಬೇಕಾದ್ದು ಇಂಜಿನ್‌ಗಲ್ಲ

ಮಿತ್ಸುಬಿಷಿ ಲ್ಯಾನ್ಸರ್ ಇವಲ್ಯೂಷನ್ 10, ಚಿಕ್ಕದಾಗಿ ಇವೋ ಟೆನ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ಕೆಲವು ವರ್ಷ ಆಯಿತು. ಈ ಕಾರು ಹೇಗೆ ಓಡುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಇದರ ಸರ್ವಿಸ್, ರಿಪೇರಿ ಬಗ್ಗೆ. ಅದೂ ಬೆಂಗಳೂರಲ್ಲಿ ಅಲ್ಲ, ತುಮಕೂರಲ್ಲಿ.

ಮೊದಲ ಇವೋ 1992ರಲ್ಲಿ ಬಂತು. ರ್‍ಯಾಲಿಗೆ ಇಳಿಸಬೇಕು ಅಂತಲೇ ಮಾಡಿದ ಕಾರು ಅದು. ಫಿನ್ಲೆಂಡಿನ ಟೊಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತವಾಗಿ ವಿಶ್ವ ರ್‍ಯಾಲಿ ಚಾಂಪಿಯನ್ ಆಗಿದ್ದು ಇವೋ ಓಡಿಸಿಯೇ. ಹತ್ತನೇ ಇವೋ 2007ರಲ್ಲಿ ಬಂತು, ನಮ್ಮ ದೇಶಕ್ಕೆ 2010ರಲ್ಲಿ ಕಾಲಿಟ್ಟಿತು. 2016ರ ಹೊತ್ತಿಗೆ ತಯಾರಿಕೆಯೇ ನಿಂತುಹೋಯಿತು. ಈಗ ಮಿತ್ಸುಬಿಷಿ ಇಲ್ಲಿ ಹೊಸ ಕಾರು ಮಾರುತ್ತಿಲ್ಲ. ಹಾಗಾಗಿ ಕಂಪನಿ ಸರ್ವಿಸ್ ನಂಬಿಕೊಂಡು ಈ ಕಾರು ತಗೊಳ್ಳಬೇಡಿ.

ಎಲ್ಲರೂ ಹೆದರಿಸುವುದು ಟರ್ಬೊ ಇಂಜಿನ್ ಬಗ್ಗೆ. ನನಗೆ ಅದರಿಂದ ತೊಂದರೆಯೇ ಆಗಿಲ್ಲ. ಹಳೇ ಇವೋಗಳಲ್ಲಿ 4ಜಿ63 ಅಂತ ಕಬ್ಬಿಣದ ಬ್ಲಾಕ್ ಇತ್ತು, ಟೈಮಿಂಗ್ ಬೆಲ್ಟ್ ಇತ್ತು. ಹತ್ತರಲ್ಲಿ ಇರುವುದು 4ಬಿ11ಟಿ. 1998 ಸಿಸಿ, ಅಲ್ಯೂಮಿನಿಯಂ ಬ್ಲಾಕ್, ಬೆಲ್ಟ್ ಬದಲು ಚೈನ್. ಬೆಲ್ಟ್ ಬದಲಿಸುವ ಖರ್ಚು ಉಳಿಯಿತು ನಿಜ. ಆದರೆ ಆ ಚೈನ್ ಆಯುಸ್ಸು ನಿಂತಿರುವುದು ಆಯಿಲ್ ಮೇಲೆ. ಆಯಿಲ್ ಬದಲಿಸದೆ ಎಳೆದಾಡಿದರೆ ಚೈನ್ ಉದ್ದ ಆಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗರಗರ ಸದ್ದು ಬರುತ್ತದೆ. ನಾನು ಪೂರ್ತಿ ಸಿಂಥೆಟಿಕ್ 5ಡಬ್ಲ್ಯು-40 ಹಾಕಿಸುತ್ತೇನೆ, 5000 ಕಿಲೋಮೀಟರ್‌ಗೆ ಬದಲಿಸುತ್ತೇನೆ. ಜಾಸ್ತಿ ಆಯಿತು ಅಂತ ಯಾರಾದರೂ ಅಂದರೆ ಅನ್ನಲಿ. ಆಯಿಲ್ ದುಡ್ಡು ಎಲ್ಲಿ, ಚೈನ್ ಕೆಲಸದ ದುಡ್ಡು ಎಲ್ಲಿ!

ಒಂದು ಅನುಕೂಲ ಹೇಳುತ್ತೇನೆ. ಇಲ್ಲಿ ಮಾರಾಟವಾದ ಔಟ್‌ಲ್ಯಾಂಡರ್ 2.4 ಇಂಜಿನ್ ಕೂಡ ಇದೇ ಕುಟುಂಬದ್ದು, 4ಬಿ12. ಸಣ್ಣಪುಟ್ಟ ಸಾಮಾನಿಗೆ ಆ ಕಡೆ ಹುಡುಕಬಹುದು. ಪಾರ್ಟ್ ನಂಬರ್ ತಾಳೆ ನೋಡದೆ ಮಾತ್ರ ತರಬೇಡಿ. ಮಿಕ್ಕಿದ್ದಕ್ಕೆ ದುಬೈ, ಜಪಾನ್ ದಾರಿ ಕಾಯಬೇಕು. ಮೇಲೆ ಕಸ್ಟಮ್ಸ್ ಸುಂಕ ಬೇರೆ.

ನನ್ನ ಕಾರು ನೋಡಿಕೊಳ್ಳುವುದು ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಗ್ಯಾರೇಜ್. ಅಲ್ಲಿನ ಮೇಸ್ತ್ರಿ ಹಿಂದೆ ಮಿತ್ಸುಬಿಷಿಯದೇ ಸೀಡಿಯಾ ಕಾರುಗಳಲ್ಲಿ ಕೈ ಪಳಗಿಸಿದವರು. ಒಂದು ಸಲ ಕಾರು ಎಳೆತ ಕಳೆದುಕೊಂಡಿತ್ತು. ಟರ್ಬೊ ಹೋಗಿದೆ ಅಂತ ಅಕ್ಕಪಕ್ಕದವರೆಲ್ಲ ತೀರ್ಪು ಕೊಟ್ಟರು. ಮೇಸ್ತ್ರಿ ಮಾತ್ರ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪಿವಿಸಿ ಎಂಡ್ ಕ್ಯಾಪ್ ತರಿಸಿದರು. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದರು. ಏರ್ ಫಿಲ್ಟರ್ ಬಾಕ್ಸ್ ತೆಗೆದು, ಟರ್ಬೊಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಆ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿದರು. ಬ್ರೀದರ್ ಪೈಪಿಗೊಂದು ಬಿರಡೆ. ಆಮೇಲೆ ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರಿನಿಂದ ನಿಧಾನಕ್ಕೆ ಗಾಳಿ ಬಿಟ್ಟು, ಜೋಡಣೆ ಇರುವ ಕಡೆಯೆಲ್ಲ ಸೋಪಿನ ನೀರು ಚಿಮುಕಿಸಿದರು. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪಕ್ಕದ ರಬ್ಬರ್ ಹೋಸ್ ಕೆಳಗೆ ಬುರುಬುರು ಅಂತ ನೊರೆ ಎದ್ದಿತು. "ನೋಡಿ ಸಾರ್, ನಿಮ್ಮ ಟರ್ಬೊ ಇಲ್ಲಿ ಹೋಗ್ತಿದೆ," ಅಂದರು. ಒಂದು ಕ್ಲಾಂಪ್ ಬದಲಿಸಿದ್ದಷ್ಟೇ.

ಈ ಇಂಜಿನ್‌ನಲ್ಲಿ ಗಾಳಿ ಒಳಗೆ ಹೋಗುವ ಕಡೆ ಮುಂದಿದೆ, ಹೊಗೆ ಹೊರಗೆ ಹೋಗುವ ಕಡೆ ಹಿಂದಿದೆ. ಆದ್ದರಿಂದ ಇಂಟರ್‌ಕೂಲರ್ ಪೈಪ್ ಕೆಲಸ ಸುಲಭ. ಟರ್ಬೊ ಮಾತ್ರ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಕಡೆ ಸಂದಿಯಲ್ಲಿ ಕೂತಿದೆ, ಅಲ್ಲಿಗೆ ಕೈ ಹೋಗುವುದೇ ಕಷ್ಟ. ಸುಮ್ನೆ ಅನುಮಾನದ ಮೇಲೆ ಬಿಚ್ಚಿಸಲು ಒಪ್ಪಬೇಡಿ.

ಈಗ ನಿಜವಾದ ತಲೆನೋವಿಗೆ ಬರೋಣ. ಎವೈಸಿ (ಆಕ್ಟಿವ್ ಯಾ ಕಂಟ್ರೋಲ್) ಪಂಪ್.

ಈ ಕಾರಿನ ಮಜಾ ಇರುವುದೇ ಹಿಂದಿನ ಡಿಫರೆನ್ಷಿಯಲ್‌ನಲ್ಲಿ. ತಿರುವಿನಲ್ಲಿ ಹಿಂದಿನ ಎಡ ಬಲ ಚಕ್ರಗಳ ನಡುವೆ ಎಳೆತವನ್ನು ಅದು ಬೇಕಾದ ಹಾಗೆ ಹಂಚುತ್ತದೆ. ಮಧ್ಯದ ಡಿಫರೆನ್ಷಿಯಲ್ ಕೂಡ ಹೀಗೇ ಬಿಗಿ ಸಡಿಲ ಆಗುತ್ತದೆ. ಎರಡಕ್ಕೂ ಆಯಿಲ್ ಒತ್ತಡ ಕೊಡುವುದು ಈ ಒಂದೇ ಕರೆಂಟ್ ಪಂಪ್. ದೇವರಾಯನದುರ್ಗದ ತಿರುವುಗಳಲ್ಲಿ ಕಾರು ರಸ್ತೆಗೆ ಅಂಟಿಕೊಂಡು ಹೋಗುವುದು ಇದರ ದೆಸೆಯಿಂದಲೇ. ಇಷ್ಟು ಮುಖ್ಯವಾದ ಪಂಪನ್ನು ಇಟ್ಟಿರುವುದು ಎಲ್ಲಿ ಗೊತ್ತಾ? ಬಲಗಡೆ ಹಿಂದಿನ ಚಕ್ರದ ಬೆನ್ನಿಗೆ. ಚಕ್ರ ಎರಚಿದ ಕೆಸರು, ನೀರು, ಕಲ್ಲು ಎಲ್ಲಾ ಅದಕ್ಕೇ ನೈವೇದ್ಯ. ರ್‍ಯಾಲಿ ಹೆಸರು ಹೇಳಿಕೊಂಡು ಮಾರಿದ ಕಾರಿನಲ್ಲಿ ಇಂಥ ಜಾಗ ಆರಿಸಿದವರಿಗೆ ಏನು ಹೇಳಬೇಕೋ!

ಮಳೆಗಾಲ ಮುಗಿಯುತ್ತಿದ್ದ ಹಾಗೆ ನನ್ನ ಡ್ಯಾಶ್‌ಬೋರ್ಡಿನಲ್ಲಿ ಎಡಬ್ಲ್ಯುಸಿ (ನಾಲ್ಕೂ ಚಕ್ರದ ಎಳೆತ ನಿಯಂತ್ರಿಸುವ ವ್ಯವಸ್ಥೆ) ಸರ್ವಿಸ್ ಮಾಡಿಸಿ ಅನ್ನುವ ಎಚ್ಚರಿಕೆ ಬಂತು. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನವರು ಚಕ್ರದ ಒಳಗಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ, ಹೊಸ ಪಂಪ್ ಹಾಕಬೇಕು ಅಂದರು. ಹೊಸದಕ್ಕೆ ಲಕ್ಷದ ಮೇಲೆ. ವಾಪಸ್ ಊರಿಗೆ ತಂದೆ.

ಮೇಸ್ತ್ರಿ ಬಿಚ್ಚಿದಾಗ ಪಂಪಿನ ಸುತ್ತ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ಅಲ್ಯೂಮಿನಿಯಂ ಮೇಲೆ ಬಿಳೀ ಪುಡಿ ಎದ್ದಿತ್ತು. ಕನೆಕ್ಟರ್ ಎಳೆದರೆ ಪಿನ್ನುಗಳ ತುಂಬ ಹಸಿರು ಕಿಲುಬು, ಒಂದು ಪಿನ್ ಅಲ್ಲೇ ಮುರಿದುಬಂತು. ಮೋಟರ್ ತಿರುಗುತ್ತಿರಲಿಲ್ಲ. ಅದನ್ನು ಮಂಡಿಪೇಟೆ ಹತ್ತಿರದ ವೈಂಡಿಂಗ್ ಅಂಗಡಿಗೆ ಕೊಟ್ಟೆವು. ಬೋರ್‌ವೆಲ್ ಮೋಟರ್ ಬಿಚ್ಚುವ ಆ ಹಿರಿಯರು ಇದನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕರು. ಕಾರ್ಬನ್ ಬ್ರಷ್ ತುಕ್ಕಿಗೆ ಕಚ್ಚಿಕೊಂಡಿತ್ತು ಅಷ್ಟೇ. ಉಜ್ಜಿ, ಬ್ರಷ್ ಬದಲಿಸಿ ತಿರುಗಿಸಿ ಕೊಟ್ಟರು. ಹೊಸ ಕನೆಕ್ಟರ್, ವೈರ್ ಜೋಡಣೆಗೆ ಹೀಟ್ ಶ್ರಿಂಕ್, ಹೊರಗೆ ಲಾರಿ ಮಡ್‌ಫ್ಲ್ಯಾಪ್ ರಬ್ಬರಿನಿಂದ ಕತ್ತರಿಸಿದ ಒಂದು ಮರೆ. ಆಮೇಲೆ ಬಂದ ಮಳೆಗಾಲಕ್ಕೆ ಎಚ್ಚರಿಕೆ ಬರಲಿಲ್ಲ.

ಇಲ್ಲೊಂದು ಮಾತು. ಪಂಪ್ ಬಿಚ್ಚಿದ ಮೇಲೆ ಆ ಹೈಡ್ರಾಲಿಕ್ ಲೈನಿನಿಂದ ಗಾಳಿ ತೆಗೆಯಬೇಕು. ಬ್ರೇಕ್ ತರ ಪೆಡಲ್ ಒತ್ತಿ ತೆಗೆಯಲು ಆಗುವುದಿಲ್ಲ, ಕಂಪ್ಯೂಟರ್ ಹೇಳಿದರೇನೇ ಪಂಪ್ ಓಡುವುದು. ಮಿತ್ಸುಬಿಷಿಯ ಎಂಯುಟಿ-3 ಸ್ಕ್ಯಾನರ್ ಬೇಕು, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಇವೋಸ್ಕ್ಯಾನ್ ಸಾಫ್ಟ್‌ವೇರ್ ಮತ್ತು ಅದಕ್ಕೆ ಹೊಂದುವ ಕೇಬಲ್. ನಾನು ಎರಡನೆಯದನ್ನು ಇಟ್ಟುಕೊಂಡಿದ್ದೇನೆ. ಸ್ಪ್ಯಾನರ್ ಸೆಟ್‌ಗಿಂತ ಮೊದಲು ಇದನ್ನು ತಗೊಳ್ಳಿ.

ಎರಡನೇ ಭಯ ಎಸ್‌ಎಸ್‌ಟಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆರು ಗೇರು, ಆಯಿಲ್‌ನಲ್ಲಿ ಮುಳುಗಿದ ಎರಡು ಕ್ಲಚ್. ಹೈವೇಯಲ್ಲಿ ಬೆಣ್ಣೆ. ಬೆಂಗಳೂರಿನ ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಇಂಚಿಂಚು ತೆವಳಿಸಿದರೆ ಬಿಸಿ ಏರುತ್ತದೆ. ನಾನು ಅಲ್ಲಿ ನಾರ್ಮಲ್ ಮೋಡ್ ಬಿಟ್ಟು ಕದಲುವುದಿಲ್ಲ, ಮುಂದಿನ ಕಾರಿಗೂ ನನಗೂ ನಡುವೆ ಜಾಗ ಬಿಟ್ಟು ಒಂದೇ ಸಲ ಮುಂದೆ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ. ಇದಕ್ಕೆ ಡಯಾಕ್ವೀನ್ ಎಸ್‌ಎಸ್‌ಟಿಎಫ್-1 ಆಯಿಲ್ ಮಾತ್ರ. ಎವೈಸಿ ಪಂಪಿಗೆ ಎಟಿಎಫ್ ಎಸ್‌ಪಿ-3 ಅನ್ನುವ ಬೇರೆ ಆಯಿಲ್. ಎರಡನ್ನೂ ಅದಲುಬದಲು ಮಾಡಿದರೆ ದೇವರೇ ಗತಿ. ಅದಕ್ಕೇ ನಾನು ಡಬ್ಬಗಳ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದು ಗ್ಯಾರೇಜಿಗೆ ಕೊಡುತ್ತೇನೆ.

ಮಿಕ್ಕಿದ್ದು ಬೇಗ ಹೇಳುತ್ತೇನೆ. ಬ್ರೆಂಬೊ ಬ್ರೇಕಿನ ಪ್ಯಾಡ್ ಸಿಗುತ್ತವೆ, ಡಿಸ್ಕ್ ದುಬಾರಿ. ಟೈರ್ 245/40 ಆರ್18, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಮೂರು ಸವೆದದ್ದು ಇದ್ದರೆ ಡಿಫರೆನ್ಷಿಯಲ್‌ಗಳು ಸುಮ್ಮನೆ ದುಡಿಯುತ್ತವೆ. ಪೆಟ್ರೋಲ್ 95 ಆಕ್ಟೇನ್‌ಗಿಂತ ಕಡಿಮೆ ಹಾಕುವುದಿಲ್ಲ. ಶಿರಾ ರಸ್ತೆಯ ಧೂಳಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ಬ್ಯಾಟರಿ ಡಿಕ್ಕಿಯಲ್ಲಿದೆ, ಬಾನೆಟ್ ಎತ್ತಿ ಹುಡುಕಬೇಡಿ. ಹಂಪ್‌ಗಳ ಬಗ್ಗೆ ಹೇಳುವುದೇ ಬೇಡ, ಮುಂದಿನ ಬಂಪರಿನ ತುಟಿ ನೋಡಿದರೆ ಸಾಕು.

ಯಾರಾದರೂ ಈಗ ಇವೋ ಟೆನ್ ತಗೊಳ್ಳುವುದಾದರೆ ಓಡಿಸಿ ನೋಡುವ ಮೊದಲು ರ್‍ಯಾಂಪಿಗೆ ಏರಿಸಿ. ಬಲಗಡೆ ಹಿಂದಿನ ಚಕ್ರದ ಒಳಗೆ ಟಾರ್ಚ್ ಹಿಡಿಯಿರಿ, ಕನೆಕ್ಟರ್ ಎಳೆದು ನೋಡಿ. ಕಾರು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ಚೈನ್ ಸದ್ದು ಕೇಳಿಸಿಕೊಳ್ಳಿ. ನೀವು ಹೋಗುವ ಮೊದಲೇ ಮಾಲೀಕ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಪಂಪ್ ಕೆಟ್ಟಿದ್ದರೆ ಅದರ ಬೆಲೆ ಹಿಡಿದುಕೊಂಡು ಚೌಕಾಸಿ ಮಾಡಬಹುದು. ಎಸ್‌ಎಸ್‌ಟಿ ಬಿಸಿಯಾದ ಮೇಲೆ ಗೇರ್ ಬದಲಿಸುವಾಗ ಕುಲುಕಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.