ಗಾಲಿ ಇರುವ ವೇಸ್ಟ್ ಟ್ಯಾಂಕ್: ನಾಲ್ಕು ವರ್ಷ ಎಳೆದ ಮೇಲೆ

ಪಿಕಪ್ ಗಾಡಿಯ ಹಿಂದೆ ಎಳೆದೊಯ್ಯುವ, ಒಳಗೇ ಸಿಂಕ್, ಸ್ನಾನ, ಟಾಯ್ಲೆಟ್ ಇರುವ ನಮ್ಮ ಟ್ರೈಲರಿನಲ್ಲಿ ಮೊದಲು ತುಂಬುವುದು ಟಾಯ್ಲೆಟ್ ಟ್ಯಾಂಕ್ ಅಲ್ಲ, ಬಚ್ಚಲು ನೀರಿನದು. ಕ್ಯಾಂಪಿಗೆ ಹೋದರೂ ನಮಗೆ ಅನ್ನ, ಸಾರು ಬೇಕು. ಕುಕ್ಕರ್, ಬಾಣಲೆ, ಸ್ಟೀಲ್ ತಟ್ಟೆಗಳು ದಿನಕ್ಕೆ ಎರಡು ಸಲ ಸಿಂಕಿಗೆ ಬೀಳುತ್ತವೆ. 30 ಗ್ಯಾಲನ್ ಗ್ರೇ ಟ್ಯಾಂಕ್, ಅಂದರೆ ಬಚ್ಚಲು ನೀರಿನ ಟ್ಯಾಂಕ್, ಮೂರನೇ ದಿನಕ್ಕೆ ಭರ್ತಿ. ಅದು ತುಂಬಿದ್ದು ಗೊತ್ತಾಗುವುದು ಸ್ನಾನದ ಜಾಗದಲ್ಲಿ ಪಾತ್ರೆ ತೊಳೆದ ನೀರು ಮೇಲೆದ್ದು ಬಂದಾಗ.

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಹೆಚ್ಚು ಸಲ ಹೋಗುವುದು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ, ಅಂದರೆ ಸೌತ್ ರಿಮ್‌ಗೆ. ಅಲ್ಲಿನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಸೈಟಿಗೆ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ, ಒಳಚರಂಡಿಯೂ ಇಲ್ಲ. ಕೊಳಕು ನೀರು ಸುರಿಯುವ ಡಂಪ್ ಸ್ಟೇಷನ್ ಮಾತ್ರ ಇದೆ. ಯೆಲ್ಲೋಸ್ಟೋನ್ ಪಾರ್ಕಿನಲ್ಲೂ ಫಿಶಿಂಗ್ ಬ್ರಿಡ್ಜ್ ಕ್ಯಾಂಪ್ ಒಂದನ್ನು ಬಿಟ್ಟರೆ ಸೈಟಿಗೆ ಇವು ಯಾವುವೂ ಇಲ್ಲ. ಟ್ಯಾಂಕ್ ತುಂಬಿತೆಂದು ಟ್ರೈಲರಿನ ಜ್ಯಾಕ್‌ಗಳನ್ನೆಲ್ಲ ಎತ್ತಿ, ಗಾಡಿಗೆ ಸಿಕ್ಕಿಸಿ, ಹೋಗಿ ಬಂದು, ಮತ್ತೆ ಲೆವೆಲ್ ಮಾಡುವುದೆಂದರೆ ಅರ್ಧ ದಿನ ಹೋದ ಹಾಗೆ. ಬಚ್ಚಲು ನೀರನ್ನು ಮರದ ಬುಡಕ್ಕೆ ಬಿಡೋಣ ಎಂದರೆ ಪಾರ್ಕಿನಲ್ಲಿ ಅದು ತಪ್ಪು. ಎಣ್ಣೆ, ಅನ್ನದ ಅಗುಳಿನ ವಾಸನೆಗೆ ಪ್ರಾಣಿಗಳು ಸೈಟಿನ ಹತ್ತಿರವೇ ಸುಳಿಯುತ್ತವೆ. ಅದಕ್ಕೇ ಗಾಲಿ ಇರುವ ಈ ಟ್ಯಾಂಕ್: ಟ್ರೈಲರನ್ನು ಅಲುಗಿಸದೆ ಕೊಳಕು ನೀರನ್ನು ಇದಕ್ಕೆ ಇಳಿಸಿಕೊಂಡು ಡಂಪ್ ಸ್ಟೇಷನ್‌ಗೆ ಎಳೆದೊಯ್ಯುವುದು.

ಮೊದಲು ಕೊಂಡಿದ್ದು ಎರಡು ಗಾಲಿಯ ಸಣ್ಣ ಟ್ಯಾಂಕ್. ಅಗ್ಗವಾಗಿತ್ತು. ಎರಡು ಗಾಲಿಯದರಲ್ಲಿ ಒಂದಷ್ಟು ಭಾರ ನಮ್ಮ ಕೈ ಮೇಲೇ ಬರುತ್ತದೆ ಅನ್ನುವುದು ಅಂಗಡಿಯಲ್ಲಿ ಖಾಲಿ ಟ್ಯಾಂಕ್ ಎತ್ತಿ ನೋಡಿದಾಗ ಹೊಳೆಯಲೇ ಇಲ್ಲ. ಜಲ್ಲಿ ರಸ್ತೆಯಲ್ಲಿ ಅದರ ಗಟ್ಟಿ ಪ್ಲಾಸ್ಟಿಕ್ ಗಾಲಿ ಎರಡನೇ ಪ್ರವಾಸಕ್ಕೇ ಬಿರುಕು ಬಿಟ್ಟಿತು.

ಆಮೇಲೆ ತಂದದ್ದು ಕ್ಯಾಮ್ಕೊ ಕಂಪನಿಯ ರೈನೊ, 28 ಗ್ಯಾಲನ್, ನಾಲ್ಕು ಗಾಲಿ. ಈ ಸಾಲಿನಲ್ಲಿ 15, 21, 36 ಗ್ಯಾಲನ್‌ನವೂ ಇವೆ. 36ಕ್ಕೆ ನನಗೂ ಆಸೆ ಇತ್ತು. ಲೆಕ್ಕ ಹಾಕಿದೆ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. 28 ಗ್ಯಾಲನ್ ತುಂಬಿದರೆ ನೀರೇ 106 ಕೆಜಿ. 36 ಆದರೆ 136 ಕೆಜಿ. ಡಂಪ್ ಸ್ಟೇಷನ್‌ವರೆಗೆ ಗಾಡಿ ಎಳೆಯುತ್ತದೆ, ಸರಿ. ಆದರೆ ಟ್ರೈಲರಿನ ಪೈಪಿನಿಂದ ಗಾಡಿಯವರೆಗೆ ಕೈಯಲ್ಲೇ ಎಳೆಯಬೇಕಲ್ವಾ? ಸೈಟ್ ಇಳಿಜಾರಾಗಿದ್ದರೆ ಇನ್ನೂ ಕಷ್ಟ. ಟ್ರೈಲರ್ ಟ್ಯಾಂಕಿನಷ್ಟೇ ದೊಡ್ಡದು ಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ತೋಳಿಗೆ ಆಗುವಷ್ಟು ದೊಡ್ಡದು ಸಾಕು. ಬೇಕಾದರೆ ಎರಡು ಸಲ ಹೋಗಿ ಬನ್ನಿ.

ಗಾಡಿಗೆ ಸಿಕ್ಕಿಸುವುದು ಸುಲಭ. ಹಿಡಿಕೆಯ ತುದಿಯ ಕಬ್ಬಿಣದ ಕೊಂಡಿ ಹಿಚ್ ಬಾಲ್ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದಿರುವ ಗುಂಡಿನ ಮೇಲೆ, ಕೂರುತ್ತದೆ. ಗಂಟೆಗೆ 5 ಮೈಲಿ ದಾಟಬಾರದು, ಅಂದರೆ ನಡೆಯುವುದಕ್ಕಿಂತ ಸ್ವಲ್ಪ ಜಾಸ್ತಿ. ಹಿಂದೆ ಕಾರುಗಳು ಸೇರಿಕೊಂಡರೆ ಬದಿಗೆ ನಿಂತು ದಾರಿ ಬಿಡುತ್ತೇನೆ.

ತುಂಬಿಸುವಾಗಲೇ ಎಚ್ಚರ ಬೇಕು. ಮೊದಲ ವರ್ಷ ಗ್ರೇ ವಾಲ್ವ್ ಪೂರ್ತಿ ಎಳೆದು ಸುಮ್ನೆ ನಿಂತಿದ್ದೆ. 30 ಗ್ಯಾಲನ್ 28ರೊಳಗೆ ಹಿಡಿಯುವುದಿಲ್ಲ. ವಾಲ್ವ್ ಮುಚ್ಚಿದೆ, ಆದರೆ ಪೈಪಿನಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು? ಪೈಪ್ ಬಿಚ್ಚುತ್ತಲೇ ಕಾಲ ಮೇಲೆಲ್ಲ ಸುರಿಯಿತು. ಅದು ಬಚ್ಚಲು ನೀರಾಗಿದ್ದಕ್ಕೆ ಬಚಾವಾದೆ. ಈಗ ಟ್ರೈಲರ್ ಟ್ಯಾಂಕ್ ಮೂರರಲ್ಲಿ ಎರಡು ಪಾಲು ತುಂಬಿದಾಗಲೇ ಖಾಲಿ ಮಾಡುತ್ತೇನೆ. ಗಾಲಿಯ ಟ್ಯಾಂಕಿನ ಗಾಳಿ ಹೋಗುವ ಮುಚ್ಚಳ ತೆಗೆದಿಟ್ಟು, ವಾಲ್ವ್ ಅರ್ಧ ಮಾತ್ರ ಎಳೆದು, ಕಿವಿಗೊಟ್ಟು ಕೇಳುತ್ತೇನೆ. ಕೊಡ ತುಂಬುವಾಗಿನ ಹಾಗೆ ಸದ್ದಿನ ಸ್ವರ ಏರುತ್ತಾ ಬರುತ್ತದೆ. ಆಗ ನಿಲ್ಲಿಸಬೇಕು.

ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ದಿನ ಮೊದಲು ಅದು, ಆಮೇಲೆ ಗ್ರೇ. ಸೋಪು ನೀರಿಗೆ ಪೈಪೂ ಟ್ಯಾಂಕೂ ತೊಳೆದುಹೋಗುತ್ತವೆ. ನಮ್ಮವರು ಚೊಂಬು ಬಳಸುವುದರಿಂದ ಟಾಯ್ಲೆಟ್ ಟ್ಯಾಂಕ್ ಬೇಗ ತುಂಬುತ್ತದೆ ಎಂದು ನನ್ನ ಹೆಂಡತಿಗೆ ಚಿಂತೆಯಿತ್ತು. ಬೇಗ ತುಂಬುವುದು ನಿಜ. ಆದರೆ ನೀರು ಧಾರಾಳವಾಗಿದ್ದರೆ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಸರಾಗವಾಗಿ ಹರಿದು ಬರುತ್ತದೆ. ನೀರು ಉಳಿಸಲು ಹೋದವರಿಗೇ ಪೈಪ್ ಕಟ್ಟಿಕೊಳ್ಳುವುದು.

ಅಗುಳು ಸಿಂಕಿನೊಳಗೆ ಹೋಗದ ಹಾಗೆ ಜಾಲರಿ ಇಟ್ಟಿದ್ದೇವೆ. ಎಣ್ಣೆ ಪಾತ್ರೆಯನ್ನು ಮೊದಲು ಪೇಪರಿನಿಂದ ಒರೆಸುತ್ತೇವೆ. ಇಷ್ಟು ಮಾಡಿದ ಮೇಲೆ ಟ್ಯಾಂಕಿನ ವಾಸನೆ ಬಹಳ ಕಮ್ಮಿಯಾಗಿದೆ. ಕೈಗವಸು ಮತ್ತು ತೊಳೆಯುವ ಪೈಪ್ ಬೇರೆ ಡಬ್ಬಿಯಲ್ಲಿರುತ್ತವೆ, ಕುಡಿಯುವ ನೀರಿನ ಪೈಪನ್ನು ಅದರ ಹತ್ತಿರವೂ ಬಿಡುವುದಿಲ್ಲ. ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಮೇ ತಿಂಗಳಲ್ಲೂ ಒಮ್ಮೊಮ್ಮೆ ರಾತ್ರಿ ಹೆಪ್ಪುಗಟ್ಟುವ ಚಳಿ. ಅದಕ್ಕೆ ಗಾಲಿಯ ಟ್ಯಾಂಕಿನಲ್ಲಿ ನೀರು ಬಿಟ್ಟು ಮಲಗುವುದಿಲ್ಲ.

ನಾಲ್ಕು ವರ್ಷದಲ್ಲಿ ಟ್ಯಾಂಕ್ ಎಲ್ಲೂ ಸೋರಿಲ್ಲ, ರಬ್ಬರ್ ಗಾಲಿಗಳೂ ಗಟ್ಟಿಯಾಗಿವೆ. ಫೀನಿಕ್ಸ್ ಬಿಸಿಲು ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ, ಹಾಗಾಗಿ ಮನೆಯಲ್ಲಿ ನೆರಳಲ್ಲಿ ಇಡುತ್ತೇನೆ. ಜಾಗ ತುಂಬಾ ತಿನ್ನುತ್ತದೆ, ಪ್ರವಾಸದಲ್ಲಿ ಪಿಕಪ್ಪಿನ ಹಿಂಭಾಗದ ಕಾಲು ಪಾಲು ಅದಕ್ಕೇ. ಎರಡು ರಾತ್ರಿಯ ಪ್ರವಾಸವಾದರೆ ತೆಗೆದುಕೊಂಡೇ ಹೋಗುವುದಿಲ್ಲ. ಊರಿಂದ ಅಮ್ಮ ಬಂದಿದ್ದಾಗ ಒಂದು ವಾರ ಮೇದರ್‌ನಲ್ಲಿದ್ದೆವು. ಮೂರು ಸಲ ಎಳೆದೆ. ಅವರು ದಿನಾ ಸ್ನಾನ ಮಾಡಿ, ದೀಪ ಹಚ್ಚಿಯೇ ತಿಂಡಿ ತಿಂದರು.