ಒಂದೇ ಡೇಟಾಬೇಸ್, ಎರಡು ಆಕ್ಸೆಸ್: ಯಾವ ದಾರಿ?

ಮಂಡ್ಯದ ನಿಮ್ಮ ಬೆಲ್ಲದ ಮಂಡಿಯಲ್ಲಿ ಮೂರು ಕಂಪ್ಯೂಟರ್. ಒಂದರಲ್ಲಿ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನ 2003ರ ಆವೃತ್ತಿ, ಎರಡರಲ್ಲಿ 2021ರದು. ಲೆಕ್ಕದ ಫೈಲ್ ಮಾತ್ರ ಒಂದೇ. ಹಳೆಯದಕ್ಕೆ ಹೊಂದಿಕೊಳ್ಳಬೇಕಾ, ಎಲ್ಲ ಹೊಸದು ಮಾಡಬೇಕಾ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಆಕ್ಸೆಸ್‌ನ ಹಳೆಯ ಫೈಲ್ ಮಾದರಿ ಎಂಡಿಬಿಯೇ ವಾಸಿ. ಎರಡೂ ಆವೃತ್ತಿ ಅದನ್ನು ತೆರೆಯುತ್ತವೆ. 2007ರಲ್ಲಿ ಬಂದ ಹೊಸ ಫೈಲ್ ಮಾದರಿ ಎಸಿಸಿಡಿಬಿಯನ್ನು 2003 ತೆರೆಯುವುದೇ ಇಲ್ಲ.

ಆದರೆ ಎಂಡಿಬಿಯಲ್ಲಿ ಕೆಲಸ ಜಾಸ್ತಿ. ಟೇಬಲ್‌ಗಳು ಒಂದು ಫೈಲ್‌ನಲ್ಲಿರಲಿ. ಫಾರ್ಮ್, ರಿಪೋರ್ಟ್‌ಗಳ ಫೈಲ್ ಪ್ರತಿ ಕಂಪ್ಯೂಟರ್‌ಗೂ ಬೇರೆ ಕೊಡಿ. ಫಾರ್ಮ್ ಫೈಲನ್ನೂ ಹಂಚಿಕೊಂಡರೆ, ಹೊಸ ಆಕ್ಸೆಸ್ ಅದರ ರೆಫರೆನ್ಸ್‌ಗಳನ್ನು (ಕೋಡ್ ಬಳಸುವ ಹೊರಗಿನ ಲೈಬ್ರರಿಗಳ ಪಟ್ಟಿ) ತನಗೆ ಬೇಕಾದಂತೆ ಬದಲಿಸುತ್ತದೆ. ಆಮೇಲೆ 2003ರಲ್ಲಿ ಕೋಡ್ ಓಡಲ್ಲ. ತಲೆನೋವು ಶುರುವಾಗೋದು ಇಲ್ಲೇ.

ಎಸಿಸಿಡಿಬಿಯಲ್ಲಿ ತೂಕದ ಚೀಟಿಯ ಫೋಟೊವನ್ನೂ ಸೇರಿಸಬಹುದು. ಆದರೆ ಎರಡಕ್ಕೂ 2 ಜಿಬಿ ಮಿತಿ, ಫೋಟೊ ತುಂಬಿದರೆ ಬೇಗ ಮುಗಿಯುತ್ತೆ.

ಸುರಕ್ಷತೆಯ ಮಾತು ಬೇರೆ. 2003ಕ್ಕೆ 2014ರಲ್ಲೇ ಬೆಂಬಲ ನಿಂತಿದೆ. ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಇದ್ದರೆ ಹೊಸದಕ್ಕೆ ಹೋಗಿ. ಬರೀ ಬಿಲ್ ಹೊಡೆಯೋಕೆ, ಇನ್ನೊಂದು ವರ್ಷದಲ್ಲಿ ಬದಲಿಸುವುದಾದರೆ ಎಂಡಿಬಿ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.